ಮರೆಸಿದ ಸುತ್ತುಗಳು

ಬಟ್ಟೆ ಒಗೆಯುವ ಮಷೀನು ತನ್ನ ಕೆಲಸ ಮುಗಿಯಿತೆಂದು ಮೂರು ಸಲ ಕೂಗಿಕೊಂಡಿತು. ಮರುಗಳಿಗೆಯಲ್ಲೇ ಮಂದಾಕಿನಿಯ ಕೈಯ ಲಟ್ಟಣಿಗೆ ಅವಳ ಅತ್ತೆ ನಾಗವ್ವನ ಮುಂಗೈ ಮೇಲೆ ಬಿತ್ತು.

ಒಣಗಿದ ಜೋಳದ ದಂಟು ಮುರಿದಂಥ ಸದ್ದಾಯಿತು. ಚಪಾತಿ ಹಿಟ್ಟಿನ ಪರಾತ ನೆಲಕ್ಕೆ ಬಿದ್ದು ಗಿರಗಿರನೆ ತಿರುಗಿತು. "ಯವ್ವಾ!" ಎಂದು ಗೋಡೆಗೊರಗಿದ ಮುದುಕಿಯ ಗಂಟಲಿಗೆ ಸೊಸೆಯ ಎಡಗೈ ಹೋಯಿತು. ಹೆಬ್ಬೆರಳು ಎಲ್ಲಿ ಒತ್ತಿದರೆ ಉಸಿರು ಕಟ್ಟುತ್ತದೋ ಸರಿಯಾಗಿ ಅಲ್ಲಿಯೇ ಒತ್ತಿತು. ಮಂದಾಕಿನಿ ಶಾಲೆಯಲ್ಲಿದ್ದಾಗಲೂ ಯಾರ ಮೇಲೂ ಕೈ ಎತ್ತಿದವಳಲ್ಲ. ಆದರೆ ಆ ಕೈ ಆ ಕೆಲಸದಲ್ಲಿ ಚೆನ್ನಾಗಿ ಪಳಗಿತ್ತು.

ನಾಗವ್ವ ಇಪ್ಪತ್ತೆಂಟು ವರ್ಷ ಹುಬ್ಬಳ್ಳಿ ಧಾರವಾಡದ ನಡುವೆ ಬಸ್ ಕಂಡಕ್ಟರ್ ಆಗಿದ್ದ ಹೆಂಗಸು. ಕುಡಿದು ಹತ್ತಿದವರನ್ನು ಕಾಲರ್ ಹಿಡಿದು ಇಳಿಸಿದವಳು. ಮುರಿಯದೆ ಉಳಿದ ಕೈಯಲ್ಲಿ ತಾಮ್ರದ ತಂಬಿಗೆ ಎತ್ತಿ ಸೊಸೆಯ ಕಿವಿಯ ಮೇಲೆ ಬೀಸಿದಳು. ಮಂದಾಕಿನಿ ಕುಸಿದು ಕೂತಳು. ಮತ್ತೆ ಕಣ್ಣೆತ್ತಿ ನೋಡಿದಾಗ ಅತ್ತೆಯ ಕತ್ತಿನ ಮೇಲೆ ಐದು ಬೆರಳಿನ ಕೆಂಪು ಗುರುತು ಎದ್ದಿತ್ತು. ಆ ಬೆರಳು ತನ್ನವೇ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಮೂಳೆ ಡಾಕ್ಟರ ಮುಂದೆ ನಾಗವ್ವ, "ಬಚ್ಚಲದಾಗ ಕಾಲ್ ಜಾರಿತ್ರಿ" ಎಂದಳು. ಡಾಕ್ಟರು ಕತ್ತಿನ ಗುರುತು ನೋಡಿದರು, ಸೊಸೆಯ ಮುಖ ನೋಡಿದರು, ಪ್ಲಾಸ್ಟರ್ ಹಾಕಿದರು.

ಆಟೋದಲ್ಲಿ ವಾಪಸು ಬರುವಾಗ ಮುದುಕಿ ಬಾಯಿ ಬಿಟ್ಟಳು.

"ನಾಕ್ ಸರ್ತಿ ಇಂಟರ್ವ್ಯೂಕ್ಕ ಹೋಗಿ ಬಂದಿ. ಅಲ್ಲಿ ಏನ್ ಕೇಳ್ತಾರ ನಿನಗ?"

"ನೆನಪಿಲ್ಲ ಅತ್ತಿ."

"ಒಂದೂ ನೆನಪಿಲ್ಲಾ?"

"ಕುರ್ಚಿ ಮ್ಯಾಲೆ ಕುಂದರಸ್ತಾರ. ಆಮ್ಯಾಲೆ ಚಾ ಕೊಡ್ತಾರ. ನಡುವಿಂದು ಏನೂ ಇಲ್ಲ."

ನಾಗವ್ವ ಕತ್ತಿಗೆ ಸುತ್ತಿದ ಸೆರಗು ಸರಿಸಿ ತೋರಿಸಿದಳು. "ಹಂಗಾರ ಇದನ್ನ ಎಲ್ಲಿ ಕಲತಿ?"

ಮಂದಾಕಿನಿ ತನ್ನ ಅಂಗೈ ಬಿಡಿಸಿ ನೋಡಿಕೊಂಡಳು. ಎರಡೂ ಅಂಗೈಗಳಲ್ಲಿ ಉಗುರು ಊರಿದ ನಾಲ್ಕು ನಾಲ್ಕು ಗಾಯ. ಒಂದು ಮಾಯುವಷ್ಟರಲ್ಲಿ ಅದರ ಮೇಲೆ ಇನ್ನೊಂದು.

*

ಆ ಹೊತ್ತಿಗೆ ಪ್ರೋಗ್ರಾಂ ಬರೆಯುವ ಕೆಲಸ ಮನುಷ್ಯರ ಕೈಬಿಟ್ಟು ಹನ್ನೊಂದು ವರ್ಷವಾಗಿತ್ತು. ಯಂತ್ರಗಳೇ ಬರೆಯುತ್ತಿದ್ದವು, ಯಂತ್ರಗಳೇ ತಿದ್ದುತ್ತಿದ್ದವು. ಮಂದಾಕಿನಿಯಂಥವರು ಮನೆಗೆ ಬಂದು ಕೂತಿದ್ದರು. ಅವಳು ಎಂಟು ವರ್ಷ ಅವಳಿನಗರದ ನೀರು ಸರಬರಾಜಿನ ವ್ಯವಸ್ಥೆಯನ್ನು ನೋಡಿಕೊಂಡವಳು. ಯಾವ ಓಣಿಯ ವಾಲ್ವ್ ಎಷ್ಟು ಹೊತ್ತಿಗೆ ಹಟ ಮಾಡುತ್ತದೆಂದು ಬಾಯಿಪಾಠ ಇದ್ದವಳು. ಕೆಲಸ ಹೋದ ಮರುವರ್ಷ ಗಂಡ ಶಿವಾನಂದನೂ ಜ್ವರ ಬಂದು ತೀರಿಕೊಂಡ. ಆಮೇಲೆ ಆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ.

ಹೀಗಿರುವಾಗ ದೂರದ ಒಂದು ಊರಿನಲ್ಲಿ ಆಸ್ಪತ್ರೆಯ ಆಮ್ಲಜನಕ ಹಂಚುವ ಯಂತ್ರ ಲೆಕ್ಕ ತಪ್ಪಿ ಒಂದು ವಾರ್ಡಿಗೆ ವಾರ್ಡೇ ಉಸಿರು ನಿಲ್ಲಿಸಿತು. ಹೊಣೆ ಯಾರದೆಂದು ಕೋರ್ಟು ಕೇಳಿದರೆ ಬೆರಳು ತೋರಿಸಲು ಒಬ್ಬ ಮನುಷ್ಯನೂ ಇರಲಿಲ್ಲ. ಆಗ ಕಾನೂನು ಬಂತು. ನೀರು, ಕರೆಂಟು, ರೈಲು, ಆಸ್ಪತ್ರೆ ನಡೆಸುವ ಪ್ರತಿಯೊಂದು ವ್ಯವಸ್ಥೆಯ ಮುಂದೆ ಒಬ್ಬ ಮನುಷ್ಯ ಎಂಜಿನಿಯರ್ ಕೂತಿರಲೇಬೇಕು, ಯಂತ್ರ ಎಡವಿದಾಗ ಅವರೇ ಕೈ ಹಾಕಬೇಕು. ಅಂಥ ಕೆಲಸಗಳು ದೇಶಕ್ಕೆಲ್ಲ ಕೆಲವೇ ನೂರು. ಅರ್ಜಿ ಹಾಕಿದವರು ಲಕ್ಷ ಲಕ್ಷ.

ಧಾರವಾಡದ ರಸ್ತೆಯಲ್ಲಿ ಗಾಜಿನ ಗುಡ್ಡದಂತೆ ನಿಂತಿದ್ದ ಸ್ಥಿರಧಾರಾ ಕಂಪನಿ ಅರ್ಧ ದೇಶದ ವ್ಯವಸ್ಥೆಗಳನ್ನು ನಡೆಸುತ್ತಿತ್ತು. ಅವರಿಗೆ ಬುದ್ಧಿವಂತರು ಬೇಕಿರಲಿಲ್ಲ, ಬುದ್ಧಿ ಯಂತ್ರದಲ್ಲೇ ಇತ್ತು. ಒತ್ತಡದಲ್ಲಿ ಕೈ ನಡುಗದವರು ಬೇಕಿತ್ತು. ಅದನ್ನು ಅಳೆಯಲೆಂದು ಅವರು ಕುರ್ಚಿ ಮಾಡಿದರು. ಕುರ್ಚಿಗೆ ಒಂದು ತಲೆಪಟ್ಟಿ, ಅದರ ಒಳಮೈಗೆಲ್ಲ ಸಣ್ಣ ಸಣ್ಣ ಗುಂಡಿಗಳು. ಕಿವಿಗೆ ಕೇಳದ ಶಬ್ದದ ಅಲೆಗಳನ್ನು ಅವು ಮಿದುಳಿನೊಳಗೆ ಸಾಸಿವೆ ಕಾಳಿನಷ್ಟು ಜಾಗಕ್ಕೆ ಗುರಿಯಿಟ್ಟು ಬಿಡುತ್ತಿದ್ದವು. ಕೂತವರು ಒಂದು ಹುಸಿ ಲೋಕಕ್ಕೆ ಇಳಿಯುತ್ತಿದ್ದರು. ಅಲ್ಲಿ ಒಂದು ನಗರದ ವ್ಯವಸ್ಥೆ ಕುಸಿಯುತ್ತಿರುತ್ತಿತ್ತು, ಆ ಕುಸಿತವನ್ನು ಅವರು ಅಂಕಿಯಾಗಿ ನೋಡದೆ ಮೈಯಲ್ಲಿ ನೋವಾಗಿ ಅನುಭವಿಸುತ್ತಿದ್ದರು. ಪಂಪು ಒಡೆದರೆ ಪಕ್ಕೆಲುಬು ಮುರಿದಂತೆ. ತಂತಿ ಸುಟ್ಟರೆ ಬೆನ್ನು ಸುಟ್ಟಂತೆ. ಅಂಕಿ ನೋಡುವವನು ಆಕಳಿಸಬಹುದು, ಸುಡುತ್ತಿರುವವನು ಆಕಳಿಸುವುದಿಲ್ಲ ಎಂಬುದು ಕಂಪನಿಯ ವಾದ.

ಸುತ್ತು ಮುಗಿದ ಮೇಲೆ ತೋಳಿಗೊಂದು ಇಂಜೆಕ್ಷನ್. ಆಗಷ್ಟೇ ಕಂಡದ್ದು ನೆನಪಾಗಿ ಗಟ್ಟಿಯಾಗುವ ಮುಂಚೆ ಅದು ಅಳಿಸಿಬಿಡುತ್ತಿತ್ತು. ಪ್ರಶ್ನೆ ಹೊರಗೆ ಸೋರಬಾರದಲ್ಲ! ಮಂದಾಕಿನಿ ಎಲ್ಲದಕ್ಕೂ ಒಪ್ಪಿ ಸಹಿ ಹಾಕಿದ್ದಳು. ಅಲ್ಲಿ ಕೂತವರೆಲ್ಲ ಹಾಕಿದ್ದರು.

*

ಐದನೆಯ ಸುತ್ತು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ. ಮಂದಾಕಿನಿ ಒಂಬತ್ತಕ್ಕೇ ಹೋಗಿ ಡಾಕ್ಟರ್ ಮೃಣಾಲಿನಿಯನ್ನು ಕಾಣಬೇಕೆಂದು ಹಟ ಹಿಡಿದಳು. ಕುರ್ಚಿಗಳ ಉಸ್ತುವಾರಿಯೆಲ್ಲ ಮೃಣಾಲಿನಿಯದೇ. ಮೈಸೂರಿನ ಕಡೆಯವರು, ಮೆಲುದನಿ. ಅವರು ಕೂರುವುದು ನಿಯಂತ್ರಣ ಕೋಣೆಯಲ್ಲಿ. ಅದರ ಗಾಜಿನ ಆಚೆಗೆ ಎರಡು ಸಣ್ಣ ಕೋಣೆಗಳು, ಒಂದೊಂದರಲ್ಲಿ ಒಂದೊಂದು ಕುರ್ಚಿ.

"ನಿಮ್ಮ ಕುರ್ಚಿ ನನಗ ಏನ್ ಕಲಿಸೇತ್ರಿ?" ಎಂದು ಮಂದಾಕಿನಿ ನಿಂತೇ ಕೇಳಿದಳು. "ನಮ್ಮತ್ತಿ ಕೈ ಮುರದೀನಿ ನಾನು. ಕುತ್ತಿಗಿ ಹಿಚುಕೀನಿ."

ಮೃಣಾಲಿನಿಯ ಮುಖದಲ್ಲಿ ಗಾಬರಿ ಕಾಣಲಿಲ್ಲ. ಅದನ್ನು ನೋಡಿಯೇ ಮಂದಾಕಿನಿಗೆ ತಿಳಿಯಿತು, ಈ ದೂರು ತಂದವಳು ತಾನೇ ಮೊದಲಿನವಳಲ್ಲ.

"ಕೂತ್ಕೊಳ್ಳಿ. ನೋಡಿ, ಕುರ್ಚಿಯಿಂದ ಮೈಗೆ ಒಂದು ಗೀರೂ ಆಗೋದಿಲ್ಲ. ಮನಸ್ಸು ಮರೆತರೂ ಮೈ ಕೆಲವು ದಿನ ಮರೆಯಲ್ಲ, ಅಷ್ಟೇ. ಭಯದ ನೆನಪು ಮಿದುಳಲ್ಲಿ ಬೇರೆ ಜಾಗದಲ್ಲಿರತ್ತೆ. ಇಂಜೆಕ್ಷನ್ ಅಲ್ಲಿಗೆ ಮುಟ್ಟಲ್ಲ. ತಾನಾಗೇ ಇಳಿಯತ್ತೆ."

"ಯಾವಾಗ ಇಳಿತೈತಿ?"

"ಅದನ್ನ ಇನ್ನೂ ನೋಡ್ತಾ ಇದೀವಿ."

"ಒಳಗ ನಾ ಯಾರನ್ನ ಹೊಡೀತೀನಿ?"

"ಅಲ್ಲಿರೋದೆಲ್ಲ ಪ್ರೋಗ್ರಾಂ." ಮೃಣಾಲಿನಿ ತೆರೆಯ ಕಡೆ ತಿರುಗಿದರು. "ಮಂದಾಕಿನಿಯವರೇ, ಇಲ್ಲೀವರೆಗೆ ಬಂದ ಅಂಕಗಳಲ್ಲಿ ನಿಮ್ಮದೇ ಎಲ್ಲಕ್ಕಿಂತ ಮೇಲೆ. ಇದೊಂದು ಸುತ್ತು ಉಳಿದಿದೆ. ಇದಕ್ಕೆ ಇಂಜೆಕ್ಷನ್ ಇಲ್ಲ. ಆಯ್ಕೆ ಆದವರಿಗೆ ಇದೇ ಮೊದಲನೇ ಪಾಠ, ಹಾಗಾಗಿ ನೆನಪಿರಬೇಕು. ಬೇಡ ಅಂದ್ರೆ ಈಗಲೇ ಎದ್ದು ಹೋಗಬಹುದು."

ಎದ್ದು ಹೋಗಬಹುದಿತ್ತು. ಮಂದಾಕಿನಿ ಆಮೇಲೆ ಆ ಮಾತನ್ನು ಎಷ್ಟೋ ಸಲ ನೆನೆದಳು. ತನ್ನೊಳಗೆ ಇವರು ಏನಿಟ್ಟಿದ್ದಾರೆಂದು ನೋಡಬೇಕೆಂಬ ಹಟ ಒಂದು. 'ಎಲ್ಲಕ್ಕಿಂತ ಮೇಲೆ' ಎಂಬ ಮಾತಿಗೆ ಎದೆಯಲ್ಲಿ ಎದ್ದ ಸಂತೋಷ ಇನ್ನೊಂದು. ಹನ್ನೊಂದು ವರ್ಷದಿಂದ ಅವಳಿಗೆ ಯಾರೂ ಅಂಥ ಮಾತು ಆಡಿರಲಿಲ್ಲ.

*

ಹೊರಗೆ ಕಾಯುವ ಕೋಣೆಯಲ್ಲಿ ಕೂತಿದ್ದಾಗ ಒಬ್ಬ ಗಂಡಸು ಬಾಗಿಲು ತಳ್ಳಿಕೊಂಡು ಬಂದ. ನಲವತ್ತರ ಆಸುಪಾಸು, ಕಪ್ಪಗೆ ಎತ್ತರ, ಕೈಯಲ್ಲೊಂದು ನೀರಿನ ಬಾಟಲಿ. ಎಂದೂ ಕಂಡ ಮುಖವಲ್ಲ. ಆದರೆ ಅವನನ್ನು ನೋಡಿದ್ದೇ ತಡ ಮಂದಾಕಿನಿಯ ಮೈಕೂದಲು ನಿಂತವು, ಮುಷ್ಟಿ ಬಿಗಿಯಿತು, ಬಾಯಲ್ಲಿ ರಕ್ತದ ರುಚಿ ಬಂತು. ಅವನೂ ಬಾಗಿಲಿಗೆ ಬೆನ್ನು ಹಚ್ಚಿ ನಿಂತುಬಿಟ್ಟ. ಬಾಟಲಿ ನೆಲಕ್ಕೆ ಬಿತ್ತು.



"ಅಕ್ಕೋರೆ," ಎಂದ ಅವನು, "ನಾವಿಬ್ಬರು ಮೊದ್ಲ ಎಲ್ಲ್ಯಾರ ಭೇಟಿ ಆಗೀವೇನ್ರಿ?"

"ಇಲ್ರಿ."

"ನನಗ್ಯಾಕ ನಿಮ್ಮನ್ನ ನೋಡಿದ್ರ ಓಡಿ ಹೋಗಬೇಕು ಅನಸ್ಲತದ?"

ಮಂದಾಕಿನಿ ತನ್ನ ಅಂಗೈ ಬಿಡಿಸಿ ತೋರಿಸಿದಳು. ಅವನೂ ತನ್ನದನ್ನು ತೋರಿಸಿದ. ಅದೇ ಎಂಟು ಗಾಯ.

ಅವನ ಹೆಸರು ಸಾಯಿಬಣ್ಣ ಹೂಗಾರ. ಯಾದಗಿರಿಯವನು, ಕರೆಂಟು ಹಂಚುವ ವ್ಯವಸ್ಥೆಯಲ್ಲಿ ಕೆಲಸ ಮಾಡಿದವನು. ಇಂಟರ್ವ್ಯೂಗಳಿಗೆಂದೇ ಹೆಂಡತಿಯೊಂದಿಗೆ ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ಒಂದು ಕೋಣೆ ಹಿಡಿದಿದ್ದ. ಮಂದಾಕಿನಿ ಅತ್ತೆಯ ಕೈಯ ಸಂಗತಿ ಹೇಳಿದಾಗ ಅವನು ಮುಖ ತಗ್ಗಿಸಿದ.

"ನಮ್ಮನ್ಯಾಗ ಒಂದು ನಾಯಿ ಇತ್ರಿ. ಒಂಬತ್ತು ವರ್ಷ ಸಾಕಿದ್ದು. ಹೋದ ವಾರ ಬಾಜೂ ಮನಿ ಅವ್ರು ಕಾರ್ ಹಿಂದ ತಗೋಳಾಕತ್ತಿದ್ರು, ಟೂಂ ಟೂಂ ಟೂಂ ಅಂತು. ಆಮ್ಯಾಲ ನೋಡ್ತೀನಿ, ನಾಯಿ ನನ್ನ ಕೈಯಾಗ ಸತ್ತದ. ಅದು ಸಾಯೂತನಾ ನನ್ನ ಕೈ ನೆಕ್ಕಲತಿತ್ತು ಅಂತ ನಮ್ಮಾಕಿ ಅಂತಾಳ."

"ಮೂರು ಸಲ ಕೂಗೂದು," ಎಂದಳು ಮಂದಾಕಿನಿ. "ನಮ್ಮ ಮನ್ಯಾಗೂ ಅಷ್ಟ. ಅದು ಒಳಗಿನ ಗಂಟೀನ ಇರಬೇಕ್ರಿ. ಅದಾದ ಕೂಡಲೇ ಹೊಡೀಬೇಕು ಅಂತ ಕಲಿಸ್ಯಾರ."

"ಯಾರನ್ನ ಹೊಡೀಬೇಕು?"

ಅವಳು ಗಾಜಿನ ಆಚೆ ಕಂಡ ಎರಡು ಕುರ್ಚಿಗಳನ್ನು ನೆನೆದಳು. "ನಾ ನಿಮ್ಮನ್ನ. ನೀವು ನನ್ನ."

ಸಾಯಿಬಣ್ಣ ಬಾಟಲಿ ಎತ್ತಿಕೊಂಡು ಒಂದು ಗುಟುಕು ನೀರು ಕುಡಿದು, ಬಾಟಲಿಯನ್ನು ಅವಳ ಕಡೆ ಚಾಚಿದ. "ಇವತ್ತ ಯಾರೂ ಕೈ ಎತ್ತೂದು ಬ್ಯಾಡ್ರಿ ಅಕ್ಕೋರೆ. ಆಣಿ ಮಾಡ್ರಿ."

ಅವಳು ನೀರು ಕುಡಿದು ಆಣೆ ಮಾಡಿದಳು.

*

ಕಬ್ಬಿಣದ ಗೋಡೆಯ ಒಂದು ಇಕ್ಕಟ್ಟು ಕೋಣೆ. ಒಂದು ಗೋಡೆಯ ತುಂಬ ನಗರದ ನಕ್ಷೆ. ಅದರ ಕೆಳಗೆ ಒಬ್ಬರೇ ಕೂರಬಹುದಾದ ಫಲಕ, ಫಲಕದ ಬಲಬದಿಗೆ ಕೆಂಪು ಹಿಡಿಕೆ. ಅದನ್ನು ಎಳೆದರೆ ಪರೀಕ್ಷೆ ನಿಲ್ಲುತ್ತದೆ, ಎಳೆದವರ ಅರ್ಜಿ ಅಲ್ಲಿಗೆ ಮುಗಿಯುತ್ತದೆ ಎಂದು ಸಹಿ ಹಾಕಿದ ಕಾಗದದಲ್ಲೇ ಇತ್ತು. ಮಂದಾಕಿನಿಯ ಎದುರಿಗೆ ಬೂದಿಬಣ್ಣದ ಒಂದು ಆಕೃತಿ ನಿಂತಿತ್ತು. ಮುಖದ ಜಾಗದಲ್ಲಿ ಏನೂ ಇರಲಿಲ್ಲ.

"ಸಾಯಿಬಣ್ಣಾರ?"

ಆಕೃತಿ ತಲೆಯಾಡಿಸಿತು. ಮಾತು ಬರಲಿಲ್ಲ, ಮಾತನ್ನು ಕಂಪನಿ ಕಿತ್ತುಕೊಂಡಿತ್ತು. ಕೂಗು ಮಾತ್ರ ಕೇಳುತ್ತದೆಂದು ಅವಳಿಗೆ ಸ್ವಲ್ಪ ಹೊತ್ತಿಗೆ ತಿಳಿಯಿತು.

ನಗರ ಕುಸಿಯತೊಡಗಿತು. ಮೊದಲ ಪಂಪು ನಿಂತಾಗ ಇಬ್ಬರ ಮಂಡಿಗೂ ಸುತ್ತಿಗೆಯ ಏಟು ಬಿದ್ದಂತಾಯಿತು. ಮಂದಾಕಿನಿ ಫಲಕದಲ್ಲಿ ಕೂತಳು. ಕೂತದ್ದೇ ಅವಳ ನೋವು ಇಳಿದುಹೋಯಿತು, ಹಿಂದೆ ನಿಂತವನ ಬಾಯಿಂದ ಚೀರು ಹೊರಟಿತು. ಆಗ ಅವಳಿಗೆ ಆಟ ಅರ್ಥವಾಯಿತು. ಫಲಕದಲ್ಲಿ ಕೂತವರಿಗೆ ಕೆಲಸ, ಹೊರಗಿದ್ದವರಿಗೆ ಇಬ್ಬರ ಪಾಲಿನ ನೋವು.

ಅವಳು ಮೂವತ್ತು ಎಣಿಸಿ ಎದ್ದಳು, ಕೈಸನ್ನೆ ಮಾಡಿ ಅವನನ್ನು ಕೂರಿಸಿದಳು. ನೋವು ಅವಳ ಮೇಲೆ ಬಿತ್ತು. ಬೆರಳುಗಳನ್ನು ಬಾಗಿಲ ಸಂದಿಯಲ್ಲಿಟ್ಟು ಜಜ್ಜಿದಂತೆ, ಬೆನ್ನ ಮೇಲೆ ಕಾದ ಎಣ್ಣೆ ಸುರಿದಂತೆ. ಅವಳು ಹಲ್ಲು ಕಚ್ಚಿ ಎಣಿಸಿದಳು. ಇಪ್ಪತ್ತೆಂಟು. ಇಪ್ಪತ್ತೊಂಬತ್ತು. ಅವನು ಸರಿಯಾಗಿ ಮೂವತ್ತಕ್ಕೆ ಎದ್ದ. ಹೀಗೆ ನಾಲ್ಕು ಸಲ ನಡೆಯಿತು. ಸಾಯಿಬಣ್ಣ ಒಳ್ಳೆಯ ಎಂಜಿನಿಯರ್. ಕರೆಂಟಿನ ಅರ್ಧ ಭಾಗವನ್ನು ಅಷ್ಟರಲ್ಲೇ ಸರಿಪಡಿಸಿದ್ದ. ಇಬ್ಬರೂ ಸೇರಿದರೆ ದಾಟಬಹುದೆಂದು ಅವಳಿಗೆ ಅನ್ನಿಸಿತು.

ಆಗ ಗಂಟೆ ಮೂರು ಸಲ ಕೂಗಿತು.

ಆಣೆ ಮನಸ್ಸಿನಲ್ಲಿತ್ತು, ಕೈಯಲ್ಲಿರಲಿಲ್ಲ. ಇಬ್ಬರೂ ಒಟ್ಟಿಗೇ ಹಾರಿದರು. ಅವನ ಮೊಣಕೈ ಅವಳ ಬಾಯಿಗೆ ಬಡಿಯಿತು, ಎರಡು ಹಲ್ಲು ನಾಲಿಗೆಯ ಮೇಲೆ ಉದುರಿದವು. ಅವಳು ಅವನ ಕಿವಿ ಕಚ್ಚಿ ಜಗ್ಗಿದಳು. ಅವನು ಅವಳ ಜಡೆ ಹಿಡಿದು ಗೋಡೆಗೆ ಬಡಿದ, ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ಅವಳ ಹೆಬ್ಬೆರಳು ಅವನ ಗಂಟಲಿನ ಆ ಜಾಗವನ್ನು ಹುಡುಕಿಕೊಂಡಿತು. ಆಕೃತಿ ಬಾಗಿತು. ಅವಳು ಅದರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಫಲಕದ ಅಂಚಿಗೆ ಅಪ್ಪಳಿಸಿದಳು. ಮತ್ತೆ ಅಪ್ಪಳಿಸಿದಳು. ಮುಖವಿಲ್ಲದ ಜಾಗದಿಂದ ರಕ್ತ ಬಂತು, ನಿಜವಾದ ರಕ್ತದಷ್ಟೇ ಬಿಸಿ. ಕಾಲಿನಿಂದ ಅದನ್ನು ಆಚೆ ಒದ್ದು ಅವಳು ಫಲಕದಲ್ಲಿ ಕೂತಳು.

ಕೂತ ಮೇಲೆ ಮೈಯ ಉನ್ಮಾದ ಇಳಿಯಿತು. ತಲೆ ತಿಳಿಯಾಯಿತು. ಅಲ್ಲಿಂದ ಮುಂದಿನದೇ ಅವಳನ್ನು ಆಮೇಲೆ ಬಿಡದೆ ಕಾಡಿದ್ದು.

ತೆರೆಯ ಮೇಲೆ ತಪ್ಪು ಎಲ್ಲಿದೆಯೆಂದು ಅವಳಿಗೆ ಒಮ್ಮೆಲೇ ಕಂಡಿತು. ಒಂದು ಪಂಪಿಗೆ ಉತ್ತರ ತಡವಾದರೆ ಅದು ಮತ್ತೆ ಮತ್ತೆ ಅದೇ ಪ್ರಶ್ನೆ ಕೇಳುತ್ತಿತ್ತು. ಹಾಗೆ ಸಾವಿರಾರು ಪಂಪುಗಳು ಒಟ್ಟಿಗೆ ಕೇಳಿ ಕೇಳಿ ದಾರಿಯೆಲ್ಲ ಕಟ್ಟಿಹೋಗಿ, ಉತ್ತರ ಕೊಡಬೇಕಾದ ಯಂತ್ರವೇ ಉಸಿರುಗಟ್ಟಿ ಬಿದ್ದಿತ್ತು. ಒಂದೊಂದು ಪಂಪೂ ಬೇರೆ ಬೇರೆ ಹೊತ್ತು ಕಾದು ಕೇಳುವಂತೆ ಮಾಡಿದರೆ ಮುಗಿಯಿತು. ಹಿಂದೆ ನೀರಿನ ಕೆಲಸದಲ್ಲಿದ್ದಾಗ ಇಂಥದ್ದೇ ಗಂಟನ್ನು ಅವಳು ಬಿಡಿಸಿದ್ದಳು. ಆದೇಶ ಬರೆಯಲು ನಲವತ್ತು ಸೆಕೆಂಡು ಸಾಕು.

ಹಿಂದೆ ಸಾಯಿಬಣ್ಣ ಚೀರುತ್ತಿದ್ದ. ಇಡೀ ನಗರದ ಭಾರ ಅವನ ಮೇಲಿತ್ತು. ಕೆಂಪು ಹಿಡಿಕೆ ಅವಳ ಬಲಗೈಗೆ ಒಂದು ಗೇಣು ದೂರ.

ನಲವತ್ತು ಸೆಕೆಂಡು ಅಷ್ಟೇ, ತಡಕೋ ಎಂದುಕೊಂಡಳು. ಬರೆಯತೊಡಗಿದಳು. ಬೆರಳು ನಡುಗಲಿಲ್ಲ. ಇಪ್ಪತ್ತನೆಯ ಸೆಕೆಂಡಿಗೆ ಚೀರಾಟದ ದನಿ ಬದಲಾಯಿತು, ಒದ್ದೆ ಬಟ್ಟೆ ಹರಿದಂಥ ಸದ್ದಾಯಿತು. ಅವಳು ಕೇಳಿದಳು. ಕೇಳಿಯೂ ಬರೆದಳು. ಮೂವತ್ತೈದನೆಯದಕ್ಕೆ ಸದ್ದು ನಿಂತಿತು. ನಲವತ್ತಕ್ಕೆ ನಕ್ಷೆಯ ತುಂಬ ಹಸಿರು ಬೆಳಕು ಹರಡಿತು. ಎಷ್ಟು ಚೆಂದದ ಕೆಲಸ ಎಂದು ಒಂದು ಗಳಿಗೆ ಅವಳ ಎದೆ ತುಂಬಿ ಬಂತು.

ಆಮೇಲೆ ಅವಳು ಹಿಂತಿರುಗಿ ನೋಡಿದಳು.

*

ತಲೆಪಟ್ಟಿ ಕಳಚಿದಾಗ ಗಾಜಿನ ಆಚೆಯ ಕೋಣೆಯಲ್ಲಿ ಓಡಾಟ ನಡೆದಿತ್ತು. ಇಬ್ಬರು ಸಾಯಿಬಣ್ಣನನ್ನು ನೆಲಕ್ಕೆ ಮಲಗಿಸಿ ಎದೆ ಒತ್ತುತ್ತಿದ್ದರು. ಪ್ರತಿ ಒತ್ತಿಗೂ ಅವನ ಕಾಲು ಅಲ್ಲಾಡುತ್ತಿತ್ತು. ಒತ್ತುವುದು ನಿಂತಾಗ ಕಾಲೂ ನಿಂತಿತು. ಮೈಮೇಲೆ ಒಂದು ಗೀರೂ ಇರಲಿಲ್ಲ, ಡಾಕ್ಟರು ಹೇಳಿದ್ದು ಸುಳ್ಳಾಗಿರಲಿಲ್ಲ. ಸಾಯುತ್ತೇನೆಂದು ಮಿದುಳು ನಂಬಿತ್ತು, ಹೃದಯ ಅದರ ಮಾತು ಕೇಳಿತ್ತು.

ಮೃಣಾಲಿನಿ ಒಳಗೆ ಬಂದರು. ಹಿಂದೆ ಒಬ್ಬ ದಾಂಡಿಗ ಸಹಾಯಕ. ಅವರ ಕೈಯಲ್ಲಿ ಸಿರಿಂಜು.

"ನಿಮ್ಮ ಆಯ್ಕೆ ಆಗಿದೆ," ಎಂದರು. ಮೆಲುದನಿ ಈಗ ಒಣಗಿತ್ತು. "ಅವರ ಹೃದಯ ಮೊದಲೇ ವೀಕ್ ಇತ್ತು ಅಂತ ಕಾಣತ್ತೆ. ನಿಮ್ಮ ತಪ್ಪಿಲ್ಲ. ಇದೊಂದನ್ನ ತಗೊಂಡುಬಿಡಿ, ಬೆಳಿಗ್ಗೆಯಿಂದ ಆದದ್ದು ಏನೂ ಉಳಿಯಲ್ಲ. ಸೋಮವಾರದಿಂದ ಕೆಲಸಕ್ಕೆ ಬನ್ನಿ."

"ಈ ಸುತ್ತು ನೆನಪಿರಬೇಕು ಅಂದಿದ್ರಿ."

"ಇಂಥದ್ದು ಯಾರಿಗೆ ನೆನಪಿರಬೇಕು ಹೇಳಿ?"

ಮಂದಾಕಿನಿ ತೋಳು ಚಾಚಿದಳು. ಅದು ನಿಜ, ಆಮೇಲೆ ಯಾರಿಗೆ ಹೇಳುವಾಗಲೂ ಅವಳು ಅದನ್ನು ಮುಚ್ಚಿಡಲಿಲ್ಲ. ಮರೆವು ಅವಳಿಗೆ ಅಷ್ಟು ಬೇಕಾಗಿತ್ತು. ಸ್ಪಿರಿಟ್ಟಿನ ಹತ್ತಿ ತೋಳಿಗೆ ತಣ್ಣಗೆ ತಗುಲಿದಾಗ ಅವಳಿಗೆ ಹೊಳೆಯಿತು. ತಾನು ಮರೆತರೆ ಈ ಲೋಕದಲ್ಲಿ ಅವನ ಚೀರು ಕೇಳಿದವರು ಯಾರೂ ಉಳಿಯುವುದಿಲ್ಲ. ನಿಯಂತ್ರಣ ಕೋಣೆಗೆ ದನಿ ಹೋಗುವುದಿಲ್ಲ, ಅಂಕಿ ಮಾತ್ರ ಹೋಗುತ್ತದೆ.

ಅವಳು ತೋಳು ಕಿತ್ತುಕೊಂಡಳು. ಸಹಾಯಕ ಹಿಂದಿನಿಂದ ಹಿಡಿದ. ಅವಳ ಹಿಂದಲೆ ಅವನ ಮೂಗಿಗೆ ಬಡಿಯಿತು, ಮೂಗು ಮುರಿದದ್ದು ಅವಳ ತಲೆಬುರುಡೆಗೇ ಕೇಳಿತು. ಅವನು ರಕ್ತ ಸುರಿಸುತ್ತ ಬಗ್ಗಿದಾಗ ಅವಳ ಮೊಣಕಾಲು ಅವನ ಪಕ್ಕೆಗೆ ನುಗ್ಗಿತು. ಮೃಣಾಲಿನಿ ಸಿರಿಂಜು ಹಿಡಿದ ಕೈ ಮುಂದೆ ಮಾಡಿದರು. ಮಂದಾಕಿನಿ ಆ ಮಣಿಕಟ್ಟನ್ನು ತಿರುವಿ ಗಾಜಿಗೆ ಒತ್ತಿದಳು. ಸಿರಿಂಜು ಬಿದ್ದು ಪುಡಿಯಾಯಿತು. ಅವಳ ಹೆಬ್ಬೆರಳು ಡಾಕ್ಟರ ಗಂಟಲಿನವರೆಗೂ ಹೋಗಿತ್ತು. ಈ ಸಲ ಯಾವ ಗಂಟೆಯೂ ಕೂಗಿರಲಿಲ್ಲ.

ಅವಳು ಕೈಯನ್ನು ಬಲವಂತವಾಗಿ ಹಿಂದಕ್ಕೆ ಎಳೆದುಕೊಂಡಳು. ಬರಿಗಾಲಲ್ಲೇ ಮೆಟ್ಟಿಲಿಳಿದು ರಸ್ತೆಗೆ ಬಂದಳು.

*

ನಾಗವ್ವ ಒಂದೇ ಕೈಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಸೊಸೆ ಎದುರಿಗೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಆಣೆ, ಹೊಡೆದಾಟ, ಆ ನಲವತ್ತು ಸೆಕೆಂಡು. 

"ಅವನ ಹೇಂತಿಗೆ ಏನಂತ ಹೇಳ್ಯಾರ?" ಎಂದು ಅತ್ತೆ ಕೇಳಿದಳು.

"ಹಾರ್ಟ್ ಅಟ್ಯಾಕ್ ಅಂತ ಹೇಳಿರ್ತಾರ."

ನಾಗವ್ವ ಕಾಯಿಯ ಬುಟ್ಟಿ ಸರಿಸಿ, ಗೋಡೆ ಹಿಡಿದು ಎದ್ದಳು. "ನಡಿ ಮತ್ತ. ಚಪ್ಪಲಿ ಹಾಕ್ಕೊ."

ಆಸ್ಪತ್ರೆಯ ಶವಾಗಾರದ ಹೊರಗೆ ಸಾಯಿಬಣ್ಣನ ಹೆಂಡತಿ ದೇವಕ್ಕೆಮ್ಮ ಬೇವಿನ ಕಟ್ಟೆಯ ಮೇಲೆ ಕೂತಿದ್ದಳು. ಸಣ್ಣ ಮೈಯವಳು, ಮಡಿಲಲ್ಲಿ ಸ್ಟೀಲಿನ ಬುತ್ತಿ ಡಬ್ಬಿ. ಗಂಡ ಉಣ್ಣದೆ ಹೋದನೆಂದು ಮಧ್ಯಾಹ್ನ ಕಂಪನಿಯ ಗೇಟಿಗೆ ಬುತ್ತಿ ಒಯ್ದಿದ್ದಳಂತೆ. ಅಲ್ಲಿಂದಲೇ ಅವಳನ್ನು ಇಲ್ಲಿಗೆ ಕರೆತಂದಿದ್ದರು. ಪಕ್ಕದಲ್ಲಿ ಕಂಪನಿಯ ಕಾಗದ ಬಿದ್ದಿತ್ತು.

ಮಂದಾಕಿನಿ ಅವಳ ಮುಂದೆ ನಿಂತಳು. ದಾರಿಯುದ್ದಕ್ಕೂ ಹೊಂದಿಸಿಕೊಂಡ ಮಾತೆಲ್ಲ ಮರೆತುಹೋಯಿತು.

"ನಿಮ್ಮ ಯಜಮಾನರನ್ನ ಕೊಂದಾಕಿ ನಾನ್ರಿ," ಎಂದಳು.

ದೇವಕ್ಕೆಮ್ಮನಿಗೆ ಮೊದಲು ತಿಳಿಯಲಿಲ್ಲ. ಮಂದಾಕಿನಿ ಬಿಡಿಸಿ ಹೇಳಿದಳು. ಕುರ್ಚಿ, ಗಂಟೆ, ಕೆಂಪು ಹಿಡಿಕೆ, ಅವನು ಮೂವತ್ತು ಎಣಿಸಿ ಎದ್ದು ಜಾಗ ಬಿಟ್ಟದ್ದು. ಹಿಡಿಕೆ ಒಂದು ಗೇಣು ದೂರವಿತ್ತು ಎಂಬಲ್ಲಿಗೆ ಬಂದಾಗ ಬುತ್ತಿ ಡಬ್ಬಿ ಅವಳ ಹಣೆಗೆ ಬಡಿಯಿತು. ಅನ್ನ, ಪುಂಡಿಪಲ್ಯ ಚೆಲ್ಲಿದವು. ಹುಬ್ಬು ಒಡೆದು ಕಣ್ಣಿಗೆ ರಕ್ತ ಇಳಿಯಿತು. ಎರಡನೆಯ ಏಟು ದವಡೆಗೆ ಬಿತ್ತು, ಮೂರನೆಯದು ಮತ್ತೆ ಹಣೆಗೆ. ಕಾವಲುಗಾರ ಓಡಿ ಬಂದ. ನಾಗವ್ವ ಪ್ಲಾಸ್ಟರಿನ ಕೈ ಅಡ್ಡ ಹಿಡಿದು ಅವನನ್ನು ತಡೆದಳು.

"ಬಿಡೋ ತಮ್ಮಾ. ಹೊಡೀಲಿ ಆಕಿ."

ಮಂದಾಕಿನಿಯ ಕೈ ಎರಡು ಸಲ ತಾನಾಗಿಯೇ ಮೇಲೆದ್ದಿತು. ಎರಡು ಸಲವೂ ಅವಳು ಅದನ್ನು ಇನ್ನೊಂದು ಕೈಯಿಂದ ಹಿಡಿದು ಕೆಳಗಿಳಿಸಿದಳು. ಕೊನೆಗೆ ದೇವಕ್ಕೆಮ್ಮನ ತೋಳು ಸೋತಿತು. ಡಬ್ಬಿ ಕೈಜಾರಿತು. ಅವಳು ಮಣ್ಣಿನಲ್ಲಿ ಕೂತು, ಅಳುವೂ ಬರದೆ, ಏದುಸಿರು ಬಿಡತೊಡಗಿದಳು.

ಎಷ್ಟೋ ಹೊತ್ತಿನ ಮೇಲೆ ತಲೆ ಎತ್ತಿದಳು. "ಅವ ಒದರಿದ್ನೇನು?"

"ಒದರಿದ್ರಿ."

"ಏನಂತ?"

"ಮಾತು ಕೇಳಸ್ತಿರಲಿಲ್ರಿ. ದನಿ ಅಷ್ಟ."

ದೇವಕ್ಕೆಮ್ಮ ಕಂಪನಿಯ ಕಾಗದ ಎತ್ತಿ ಅದನ್ನೇ ನೋಡಿದಳು. "ಇದ್ರಾಗ ನಿದ್ದಿ ಬಂದಂಗ ಆಗಿ ಶಾಂತ ಹೋದ್ರು ಅಂತ ಬರದಾರ." ಅದನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದಲ್ಲಿಟ್ಟುಕೊಂಡಳು. "ನನ್ನ ಮುಂದ ಹೇಳಿದ್ದು ಪೊಲೀಸ್ರ ಮುಂದ ಹೇಳ್ತೀ?"

"ಹೇಳ್ತೀನ್ರಿ."

"ನಿನಗ ಜೈಲ್ ಆಗ್ತದ."

"ಆಗಲ್ರಿ."

*

ಠಾಣೆಯಲ್ಲಿ ಇನ್ಸ್‌ಪೆಕ್ಟರು ಮೂವರು ಹೆಂಗಸರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು. ಒಬ್ಬಳ ಕೈಗೆ ಪ್ಲಾಸ್ಟರು, ಒಬ್ಬಳ ಸೀರೆಯ ತುಂಬ ಮಣ್ಣು, ಒಬ್ಬಳ ಮುಖದ ತುಂಬ ಹೆಪ್ಪುಗಟ್ಟಿದ ರಕ್ತ. ಯಾವ ದೂರು, ಯಾರ ಮೇಲೆ ಎಂದು ಕೇಳಿದರು. ಸತ್ತವನ ಹೆಸರು, ವಯಸ್ಸು, ಊರು ಬರೆದುಕೊಂಡರು. ಆಮೇಲೆ ಮಂದಾಕಿನಿಯ ಕಡೆ ಪೆನ್ನು ತೋರಿಸಿ ಕೇಳಿದರು.

"ನೀವು ಅವರಿಗೆ ಏನಾಗಬೇಕ್ರಿ?"

"ಏನೂ ಆಗಬೇಕಿಲ್ರಿ. ಹೊಡದಾಕಿ ನಾನ."

ಇನ್ಸ್‌ಪೆಕ್ಟರ ಪೆನ್ನು ನಿಂತಿತು. ಮೂಲೆಯಲ್ಲಿದ್ದ ಕಾನ್‌ಸ್ಟೇಬಲ್ ಎದ್ದು ಬಾಗಿಲ ಹತ್ತಿರ ಹೋಗಿ ನಿಂತ.

ದೇವಕ್ಕೆಮ್ಮ ಬೆಂಚಿನಿಂದ ಎದ್ದು ಮೇಜಿನ ಬಳಿಗೆ ಬಂದಳು. ಎರಡೂ ಕೈ ಮೇಜಿನ ಮೇಲೆ ಊರಿದಳು.

"ಬರಕೋರಿ ಸಾಹೇಬ್ರ, ಅಕಿ ಹೆಸರೂ ಬರಕೋರಿ. ನಾ ಬ್ಯಾಡನ್ನಲ್ಲ," ಎಂದಳು. "ಆದ್ರ ಹೊಡಸ್ದೋರ ಹೆಸರು ಮೊದ್ಲ ಬರೀರಿ. ಅಕಿಂದು ಅದ್ರ ಕೆಳಗ."

ಇನ್ಸ್‌ಪೆಕ್ಟರು ಬರೆದ ಹಾಳೆಯನ್ನು ಪಕ್ಕಕ್ಕಿಟ್ಟು ಹೊಸದೊಂದನ್ನು ತೆಗೆದರು. ಮಂದಾಕಿನಿ ಸೆರಗಿನಿಂದ ಕಣ್ಣಿನ ರಕ್ತ ಒರೆಸಿಕೊಂಡು, ಕಂಪನಿಯ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳತೊಡಗಿದಳು.